ಜ್ವರ ಬಿಟ್ಟ ಮೇಲೆ ಬರುವ ಬೇನೆ

ಮಕ್ಕಳಿದ್ದ ಮನೆಗೆ ಜ್ವರ ಬರುವುದೂ ಹೋಗುವುದೂ ಹೊಸ ಸಂಗತಿಯೇನಲ್ಲ. ಮಳೆಗಾಲದ ಮೊದಲ ನೀರು ಬಿದ್ದೊಡನೆ ಒಂದು, ಶಾಲೆ ತೆರೆದ ಮೇಲೆ ಮತ್ತೊಂದು, ದೀಪಾವಳಿಯ ಚಳಿಗೆ ಇನ್ನೊಂದು ಎಂದು ತಾಯಂದಿರು ಲೆಕ್ಕವಿಟ್ಟುಕೊಂಡೇ ಇರುತ್ತಾರೆ. ಮೂರು ದಿನ ಮಲಗಿ, ನಾಲ್ಕನೆಯ ದಿನ ಗಂಜಿ ಕುಡಿದು, ಐದನೆಯ ದಿನ ಅಂಗಳಕ್ಕೆ ಓಡಿದ ಹುಡುಗನನ್ನು ಕಂಡು ನಾವು ನಿಶ್ಚಿಂತರಾಗುತ್ತೇವೆ. ಸಾಮಾನ್ಯವಾಗಿ ಅದು ಸರಿಯೇ. ಆದರೆ ಬಹಳ ವಿರಳವಾಗಿ, ಜ್ವರ ಬಿಟ್ಟು ಒಂದು ವಾರವೋ ಎರಡು ವಾರವೋ ಕಳೆದ ಮೇಲೆ, ಆಡುತ್ತಿದ್ದ ಮಗು ಹೊಯ್ದಾಡಿ ನಡೆಯತೊಡಗುತ್ತದೆ. ಹಗಲೆಲ್ಲ ನಿದ್ದೆ ಮಾಡುತ್ತದೆ. ಇಲ್ಲವೆ ಒಂದು ಕಣ್ಣು ಮಂಜಾಯಿತೆನ್ನುತ್ತದೆ. ಇದನ್ನು ನಮ್ಮ ಕಡೆ ಗಾಳಿ ಸೋಂಕಿತೆಂದರು, ದೃಷ್ಟಿ ತಾಗಿತೆಂದರು, ಜ್ವರದ ನಿತ್ರಾಣವೆಂದರು. ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ನಿವಾಳಿಸುವುದಕ್ಕೆ ನನ್ನ ಅಡ್ಡಿಯೇನೂ ಇಲ್ಲ. ಅದಕ್ಕಾಗಿ ನಾಲ್ಕು ದಿನ ಕಾಯುವುದಕ್ಕೆ ಮಾತ್ರ ಅಡ್ಡಿಯಿದೆ. ಏಕೆಂದರೆ ಈ ಬೇನೆಗೆ ಔಷಧವಿದೆ, ಮತ್ತು ಅದು ಬೇಗ ಸಿಕ್ಕಷ್ಟೂ ಒಳ್ಳೆಯದು.

ಬೇನೆಯ ಸ್ವರೂಪವನ್ನು ತಿಳಿಯಬೇಕಾದರೆ ನಮ್ಮ ನರಗಳ ರಚನೆಯನ್ನು ಸ್ವಲ್ಪ ತಿಳಿಯಬೇಕು. ರಾಂಜಣಗಾಂವದ ವಾಚಕರಿಗೆ ಇದನ್ನು ಹೇಳುವುದು ಸುಲಭ. ಮಹಾಗಣಪತಿಯ ಗುಡಿಯಿಂದ ಅಷ್ಟು ದೂರವೇನೂ ಇಲ್ಲದ ಔದ್ಯೋಗಿಕ ವಸಾಹತಿನಲ್ಲಿ ಬಟ್ಟೆ ಒಗೆಯುವ ಯಂತ್ರಗಳೂ ತಂಪು ಪೆಟ್ಟಿಗೆಗಳೂ ಮೋಟಾರು ಕಾರುಗಳೂ ತಯಾರಾಗುತ್ತವೆ. ಅಲ್ಲಿ ದುಡಿಯುವ ನಮ್ಮ ವಿಜಯಪುರ, ಕಲಬುರ್ಗಿ, ಬೀದರ ಕಡೆಯ ತರುಣರು ದಿನವೂ ಕೈಯಲ್ಲಿ ತಂತಿ ಹಿಡಿಯುವವರೇ. ತಾಮ್ರದ ತಂತಿಯ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇರುವಂತೆ ನರದ ಎಳೆಯ ಮೇಲೂ ಒಂದು ಕೊಬ್ಬಿನ ಹೊದಿಕೆ ಇರುತ್ತದೆ. ಅದಕ್ಕೆ ಮಯಲಿನ್ ಎಂದು 1854ರಲ್ಲಿ ಹೆಸರಿಟ್ಟವರು ಜರ್ಮನಿಯ ರುಡಾಲ್ಫ್ ವಿರ್ಖೋ. ಹೊದಿಕೆಯಿದ್ದ ನರದಲ್ಲಿ ಸಂದೇಶವು ಸೆಕೆಂಡಿಗೆ ನೂರು ಮೀಟರಿನವರೆಗೂ ಓಡಬಲ್ಲದು. ಹೊದಿಕೆಯಿಲ್ಲದ ಸಣ್ಣ ನರದಲ್ಲಿ ಒಂದೆರಡು ಮೀಟರಿನಷ್ಟು ತೆವಳುತ್ತದೆ. ಮಿದುಳು, ಬೆನ್ನುಹುರಿ, ಕಣ್ಣಿನ ನರ ಈ ಮೂರರಲ್ಲಿ ಎಲ್ಲಿಯಾದರೂ ಈ ಹೊದಿಕೆ ಸುಲಿದುಹೋದರೆ ಸಂದೇಶವು ತಡವಾಗುತ್ತದೆ, ಇಲ್ಲವೆ ಹಾದಿಯಲ್ಲಿಯೇ ನಿಂತುಬಿಡುತ್ತದೆ. ಕಾಲೆತ್ತು ಎಂದು ಮಿದುಳು ಹೇಳಿದ್ದು ಕಾಲಿಗೆ ಮುಟ್ಟುವುದಿಲ್ಲ.

ಸುಲಿಯುವವರು ಯಾರು? ಹೊರಗಿನ ರೋಗಾಣುವಲ್ಲ. ರೋಗಾಣುವನ್ನು ಹೊಡೆಯಲೆಂದು ದೇಹವೇ ಸಾಕಿಕೊಂಡ ಸೈನ್ಯ, ಗುರುತು ತಪ್ಪಿ ಮನೆಯವರ ಮೇಲೆಯೇ ಕೈಮಾಡುತ್ತದೆ. ಆದುದರಿಂದಲೇ ಜ್ವರ ಇಳಿದು ಎಂಟು ಹತ್ತು ದಿನಗಳಾದ ಮೇಲೆ, ಎಂದರೆ ಸೈನ್ಯವು ತಯಾರಾದ ಮೇಲೆ, ಈ ಬೇನೆ ತಲೆಹಾಕುವುದು.

ಇಂಥ ಬೇನೆ ಒಂದೇ ಅಲ್ಲ, ಒಂದು ಕುಟುಂಬವೇ ಇದೆ. ಹಿರಿಯಣ್ಣನೆಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್; ಪ್ಯಾರಿಸಿನ ಶಾರ್ಕೊ ಎಂಬ ವೈದ್ಯರು 1868ರಲ್ಲಿ ಇದನ್ನು ಬೇರೆ ರೋಗವೆಂದು ವಿವರಿಸಿದರು. ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಹಿಡಿಯುವ ಇನ್ನೊಂದನ್ನು 1894ರಲ್ಲಿ ಲಿಯೋನಿನ ದೆವಿಕ್ ಅವರು ಹೆಸರಿಸಿದರು. ಅದು ನ್ಯೂರೋಮಯಲೈಟಿಸ್ ಆಪ್ಟಿಕಾ. ಸಣ್ಣ ಮಕ್ಕಳಲ್ಲಿ, ವಿಶೇಷವಾಗಿ ಹತ್ತು ವರ್ಷದೊಳಗಿನವರಲ್ಲಿ, ಜ್ವರದ ಬೆನ್ನಿಗೆ ಬರುವುದಕ್ಕೆ ವೈದ್ಯರು ಅಡೆಮ್ ಎನ್ನುವರು. ಪೂರ್ತಿ ಹೆಸರು ಹೇಳಲು ಹೋದರೆ ಈ ಪುಟ ಸಾಲದು. ಮೋಗ್ ಎಂಬ ಪ್ರತಿಕಾಯದಿಂದ ಬರುವ ನಾಲ್ಕನೆಯದು ತೀರ ಇತ್ತೀಚಿನದು. ಇದನ್ನು ಗುರುತಿಸುವ ಅಂತರರಾಷ್ಟ್ರೀಯ ನಿಯಮಾವಳಿ ಹೊರಬಿದ್ದುದೇ 2023ರಲ್ಲಿ. ಈ ನಾಲ್ವರೂ ಮೊದಲ ದಿನ ಒಂದೇ ವೇಷದಲ್ಲಿ ಬಂದಾರು. ಯಾರು ಯಾರೆಂದು ಗುರುತಿಸುವುದೇ ಈ ಲೇಖನದ ವಿಷಯ.

ಇಲ್ಲಿಯ ಒಂದು ಪ್ರಸಂಗವನ್ನು ಹೇಳುತ್ತೇನೆ. ಹೆಸರು ಬೇಡ. ನಮ್ಮೋಣಿಯಲ್ಲಿ ಬಾಡಿಗೆಗಿದ್ದ, ವಿಜಯಪುರ ಜಿಲ್ಲೆಯಿಂದ ಬಂದ ಒಂದು ಸಂಸಾರ. ತಂದೆ ಕಾರಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರು. ಆರು ವರ್ಷದ ಮಗಳು. ಶ್ರಾವಣದಲ್ಲಿ ನೆಗಡಿ ಕೆಮ್ಮು ಜ್ವರವಾಗಿ ಬಿಟ್ಟಿತು. ಸರಕಾರಿ ಕಚೇರಿಯಲ್ಲಿ ಕಾಗದ ಓದುವವನು, ಮರಾಠಿ ಮಾತಾಡುವವನು ಎಂಬ ಕಾರಣಕ್ಕೆ ತಾಯಿ ಒಂದು ಸಂಜೆ ನಮ್ಮ ಮನೆಗೆ ಬಂದರು.

"ಅಣ್ಣಾರ, ಜ್ವರಾ ಬಿಟ್ಟು ಎಂಟ ದಿನಾ ಆಗಿತ್ತರಿ. ನಿನ್ನಿಯಿಂದ ಬರೇ ನಿದ್ದಿ. ಎಬ್ಬಿಸಿದರ ನನ್ನ ಮಾರಿ ನೋಡ್ತಾಳ, ಅವ್ವಾ ಅನ್ನವಲ್ಲಳು. ಮುಂಜಾನಿಂದ ಒಂದಕ್ಕ ಸುದ್ದಾ ಹೋಗಿಲ್ಲರಿ."

ಈ ಮೂರು ಮಾತುಗಳಲ್ಲಿ ರೋಗನಿದಾನದ ಅರ್ಧ ಭಾಗವಿತ್ತೆಂದು ಆಮೇಲೆ ಪುಣೆಯ ವೈದ್ಯರು ಹೇಳಿದರು. ಜ್ವರ ಬಿಟ್ಟ ಅಂತರ ಒಂದು. ಪ್ರಜ್ಞೆ ಮಂಕಾದುದು ಎರಡು. ಮೂತ್ರ ಕಟ್ಟಿದುದು ಮೂರು. ಮಕ್ಕಳ ಈ ಬೇನೆಗಳ ವ್ಯಾಖ್ಯೆಗಳನ್ನು ನಾನಾ ದೇಶಗಳ ತಜ್ಞರು ಸೇರಿ 2007ರಲ್ಲಿ ಬರೆದು 2013ರಲ್ಲಿ ತಿದ್ದಿದ್ದಾರೆ. ಅದರ ಪ್ರಕಾರ ಅಡೆಮ್ ಎನ್ನಬೇಕಾದರೆ ಮಗುವಿನ ಪ್ರಜ್ಞೆಯಲ್ಲಿಯೋ ವರ್ತನೆಯಲ್ಲಿಯೋ ಬದಲಾವಣೆ ಇರಲೇಬೇಕು, ಮತ್ತು ಅದು ಕೇವಲ ಜ್ವರದ ಬಳಲಿಕೆಯಿಂದ ಬಂದುದಾಗಿರಬಾರದು. ಮೂತ್ರ ಕಟ್ಟಿದರೆ ಬೆನ್ನುಹುರಿಯ ಕಡೆಗೆ ಬೆರಳು ತೋರಿಸುತ್ತದೆ. ತಾಯಿಗೆ ಶಾಸ್ತ್ರ ಗೊತ್ತಿರಲಿಲ್ಲ, ಕೂಸು ಗೊತ್ತಿತ್ತು.

ಆದರೆ ಪುಣೆ ಮುಟ್ಟುವ ಮೊದಲು ಎರಡು ಬಾಗಿಲು ಹತ್ತಿ ಇಳಿದದ್ದಾಯಿತು. ಒಂದು ಕಡೆ ನಿತ್ರಾಣವೆಂದು ಟಾನಿಕ್ಕು ಕೊಟ್ಟರು. ಇನ್ನೊಂದು ಕಡೆ ತಲೆಯ ಸಿ.ಟಿ. ಸ್ಕ್ಯಾನ್ ತೆಗೆದು, ಎಲ್ಲ ಸರಿಯಿದೆ, ಮನೆಗೆ ಹೋಗಿ ಎಂದರು. ಓದುಗರು ಇದೊಂದನ್ನು ನೆನಪಿನಲ್ಲಿಡಬೇಕು: ಸಿ.ಟಿ. ಸರಿಯಿದ್ದರೆ ರಕ್ತಸ್ರಾವವಿಲ್ಲ, ದೊಡ್ಡ ಗಡ್ಡೆಯಿಲ್ಲ ಎಂದು ಹೇಳಬಹುದು. ಮಯಲಿನ್ ಸುಲಿದುದನ್ನು ಅದು ಎಷ್ಟೋ ಸಲ ತೋರಿಸುವುದೇ ಇಲ್ಲ. ಅದಕ್ಕೆ ಎಂ.ಆರ್.ಐ. ಬೇಕು. ರಾಂಜಣಗಾಂವದಿಂದ ಪುಣೆಗೆ ಐವತ್ತು ಕಿಲೋಮೀಟರಿನ ದಾರಿ. ವಾಘೋಲಿಯ ವಾಹನ ಸಂದಣಿಯಲ್ಲಿ ಅದು ನೂರಾದಂತೆ ಅನ್ನಿಸುತ್ತದೆ.

ಪುಣೆಯ ಆಸ್ಪತ್ರೆಯಲ್ಲಿ ಮೊದಲು ಎದುರಾದದ್ದು ಯಂತ್ರವಲ್ಲ, ಭಾಷೆ. ತರುಣ ವೈದ್ಯರು ತಂದೆಯನ್ನು ಕೇಳಿದರು, ಪಾಯ ಬಧೀರ ಝಾಲಾ ಕಾ ಎಂದು. ಮರಾಠಿಯಲ್ಲಿ ಬಧೀರವೆಂದರೆ ಸ್ಪರ್ಶ ತಿಳಿಯದಿರುವುದು. ಕನ್ನಡದವನಿಗೆ ಬಧಿರನೆಂದರೆ ಕಿವುಡ. ತಂದೆ, "ಇಲ್ಲರಿ, ಕಿವಿ ಚಲೋ ಕೇಳಸ್ತಾವು" ಎಂದು ಬಿಟ್ಟರು! ನಗುವ ಹೊತ್ತಲ್ಲ, ಆದರೂ ನಕ್ಕೆವು. ನಾವು ಜೋಮು ಹಿಡಿಯಿತು ಎನ್ನುವುದನ್ನು ಇಲ್ಲಿಯವರು ಮುಂಗ್ಯಾ ಬಂದವು, ಅಂದರೆ ಇರುವೆ ಹರಿದವು, ಎನ್ನುತ್ತಾರೆ. ನಿಶ್ಶಕ್ತಿ ಬೇರೆ, ಜೋಮು ಬೇರೆ, ತೂರಾಡುವುದು ಬೇರೆ. ಒಂದೊಂದೂ ನರಮಂಡಲದ ಒಂದೊಂದು ಜಾಗವನ್ನು ಹೇಳುತ್ತದೆ. ಪರಭಾಷೆಯ ಊರಿನಲ್ಲಿರುವ ನಾವು ವೈದ್ಯರ ಮುಂದೆ ಒಂದೇ ಶಬ್ದದಲ್ಲಿ ಮುಗಿಸದೆ, ಮಗು ಏನು ಮಾಡಲಾರದಾಯಿತೆಂದು ಹೇಳುವುದು ಒಳ್ಳೆಯದು: ಮೆಟ್ಟಲು ಹತ್ತಲಾರಳು, ಗುಂಡಿ ಹಾಕಲಾರಳು, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗುವುದಿಲ್ಲ, ಹೀಗೆ. ಅದಕ್ಕೆ ಅನುವಾದದ ತೊಡಕಿಲ್ಲ.

ಕಣ್ಣಿನ ವಿಷಯವಂತೂ ಮಕ್ಕಳು ಹೇಳುವುದೇ ಇಲ್ಲ. ಒಂದು ಕಣ್ಣು ಮಂಜಾದರೆ ಇನ್ನೊಂದರಿಂದ ನಿಭಾಯಿಸಿಕೊಳ್ಳುತ್ತವೆ. ಸಂಶಯ ಬಂದರೆ ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರಿನ ಅಂಕಿ ಓದಿಸಿ ನೋಡಬಹುದು. ಕುಂಕುಮದ ಭರಣಿಯನ್ನು ಒಂದೊಂದೇ ಕಣ್ಣಿಗೆ ತೋರಿಸಿ, ಕೆಂಪು ಎರಡಕ್ಕೂ ಒಂದೇ ಸಮ ಕಾಣುತ್ತದೆಯೇ ಎಂದು ಕೇಳಬಹುದು. ಕಣ್ಣಿನ ನರಕ್ಕೆ ಉರಿತವಾದಾಗ ಕೆಂಪು ಬಣ್ಣ ಮಾಸಿದಂತೆ ಕಾಣುವುದುಂಟು. ಕಣ್ಣು ಹೊರಳಿಸಿದಾಗ ನೋವೂ ಇರಬಹುದು. ಇದು ಮನೆಯಲ್ಲಿ ಸಂಶಯವನ್ನು ಗಟ್ಟಿಮಾಡಿಕೊಳ್ಳುವ ಉಪಾಯ ಮಾತ್ರ, ನಿರ್ಣಯ ವೈದ್ಯರದು.

ಎಂ.ಆರ್.ಐ. ಯಂತ್ರದಲ್ಲಿ ಕ್ಷ-ಕಿರಣವಿಲ್ಲ, ದೊಡ್ಡ ಅಯಸ್ಕಾಂತವಿದೆ, ಮತ್ತು ಜಾತ್ರೆಯ ಡೊಳ್ಳಿನಂಥ ಸದ್ದಿದೆ. ಅಲುಗಾಡದೆ ಮಲಗಬೇಕಾದುದರಿಂದ ಸಣ್ಣ ಮಕ್ಕಳಿಗೆ ಮತ್ತಿನ ಔಷಧ ಕೊಡುವರು. ಅಡೆಮ್ ಇದ್ದಲ್ಲಿ ಮಿದುಳಿನ ಎರಡೂ ಬದಿಗೆ, ಹಿಂಜಿದ ಹತ್ತಿಯ ಹಾಗೆ ಅಂಚು ತಿಳಿಯದ ದೊಡ್ಡ ಬಿಳಿ ಕಲೆಗಳು ಕಾಣುತ್ತವೆ. ಮಲ್ಟಿಪಲ್ ಸ್ಕ್ಲೆರೋಸಿಸಿನ ಕಲೆಗಳು ಚಿಕ್ಕವು, ಅಂಚು ಸ್ಪಷ್ಟವಾದವು, ಮಿದುಳಿನೊಳಗಿನ ನೀರಿನ ಕೋಣೆಗಳ ಸುತ್ತ ಕುಳಿತವು. ನ್ಯೂರೋಮಯಲೈಟಿಸ್ ಆಪ್ಟಿಕಾದಲ್ಲಿ ಬೆನ್ನುಹುರಿಯ ಉರಿತವು ಬಹುತೇಕ ಮೂರು ಮಣಿಗಳಷ್ಟು, ಅದಕ್ಕೂ ಹೆಚ್ಚು ಉದ್ದಕ್ಕೆ ಹಬ್ಬಿರುತ್ತದೆ. ಇವೆಲ್ಲ ದಾರಿ ತೋರುವ ಗುರುತುಗಳೇ ಹೊರತು ಮುದ್ರೆಯೊತ್ತಿದ ಹುಕುಮುಗಳಲ್ಲ. ಬೇನೆಯ ಮೊದಲ ದಿನಗಳಲ್ಲಿ ಚಿತ್ರ ಸ್ವಚ್ಛವಾಗಿದ್ದು, ಕೆಲವು ದಿನ ಬಿಟ್ಟು ತೆಗೆದುದರಲ್ಲಿ ಕಲೆ ಕಂಡದ್ದೂ ಉಂಟು. ಮೊದಲ ಚಿತ್ರ ಸರಿಯಿದೆಯೆಂದು ಮಗುವನ್ನು ನೋಡುವುದನ್ನು ಬಿಡಬಾರದು.

ಬೆನ್ನಿನಿಂದ ನೀರು ತೆಗೆಯುವುದೆಂದರೆ ನಮ್ಮ ಜನ ಬೆದರುತ್ತಾರೆ. ಆ ಹುಡುಗಿಯ ಅಜ್ಜಿ, ಊರಿನಿಂದ ಫೋನು ಮಾಡಿ, ಬೆನ್ನಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತವೆಂದು ಅತ್ತರು. ಸೂಜಿ ಹೋಗುವುದು ಸೊಂಟದ ಕೆಳಭಾಗದಲ್ಲಿ; ಬೆನ್ನುಹುರಿ ಅಲ್ಲಿಗಿಂತ ಮೇಲೆಯೇ ಮುಗಿದಿರುತ್ತದೆ. ಈ ನೀರಿನ ಪರೀಕ್ಷೆ ಏಕೆ ಬೇಕೆಂದರೆ, ನಮ್ಮ ದೇಶದಲ್ಲಿ ಮಗು ಮಂಕಾದಾಗ ಮೊದಲು ಸಂಶಯಪಡಬೇಕಾದವರು ಬೇರೆಯೇ ಇದ್ದಾರೆ: ಕ್ಷಯದ ಮಿದುಳುಪೊರೆಯ ಜ್ವರ, ಜಪಾನೀ ಮಿದುಳು ಜ್ವರ, ಹರ್ಪಿಸ್ ವಿಷಾಣು. ಮಯಲಿನ್ ಬೇನೆಗೆ ಕೊಡುವ ಸ್ಟಿರಾಯ್ಡು ದೇಹದ ಸೈನ್ಯವನ್ನು ಕುಗ್ಗಿಸುವಂಥದು. ಒಳಗೆ ರೋಗಾಣು ಕುಳಿತಿರುವಾಗ ಅದನ್ನೊಂದೇ ಕೊಟ್ಟರೆ ಅಪಾಯ. ಅದಕ್ಕಾಗಿ ಹರ್ಪಿಸ್ ಅಲ್ಲವೆಂದು ಖಚಿತವಾಗುವ ತನಕ ಅದರ ಔಷಧವನ್ನೂ ಜೊತೆಗೇ ನಡೆಸುವುದುಂಟು. ಇನ್ನೊಂದು ಪ್ರಯೋಜನವೂ ಇದೆ. ಮಲ್ಟಿಪಲ್ ಸ್ಕ್ಲೆರೋಸಿಸಿನವರ ಬೆನ್ನುನೀರಿನಲ್ಲಿ ಕೆಲವು ವಿಶಿಷ್ಟ ಪಟ್ಟೆಗಳು ಹೆಚ್ಚಾಗಿ ಕಾಣುತ್ತವೆ. ಅಡೆಮ್‌ನಲ್ಲಿ ಅವು ಅಪರೂಪ.

ಉಳಿದದ್ದು ರಕ್ತದ ಪರೀಕ್ಷೆ. ಇಲ್ಲಿ ಕನ್ನಡಿಗರಿಗೆ ಅಭಿಮಾನಪಡುವಂಥ ಸಂಗತಿಯೊಂದಿದೆ. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ವ್ಯಾಂಡಾ ಲೆನನ್ ಮತ್ತು ಸಂಗಡಿಗರು ನ್ಯೂರೋಮಯಲೈಟಿಸ್ ಆಪ್ಟಿಕಾ ರೋಗಿಗಳ ರಕ್ತದಲ್ಲಿ ಒಂದು ಪ್ರತಿಕಾಯವನ್ನು ಕಂಡರು. ಅದು ಅಕ್ವಾಪೋರಿನ್-4 ಎಂಬ ನೀರಿನ ಬಾಗಿಲನ್ನು ಹೊಡೆಯುತ್ತದೆಂದು ಮರುವರ್ಷ ತಿಳಿಯಿತು. ಅಲ್ಲಿಯ ತನಕ ಮಲ್ಟಿಪಲ್ ಸ್ಕ್ಲೆರೋಸಿಸಿನ ಏಷ್ಯಾದ ರೂಪವೆಂದೇ ಅನೇಕರು ಎಣಿಸಿದ್ದ ಬೇನೆ ಬೇರೆಯೇ ಎಂದು ಸಿದ್ಧವಾಯಿತು. ನಮ್ಮ ಮಂಗಳೂರಿನ ದೇರಳಕಟ್ಟೆಯಲ್ಲಿ, ನಿಟ್ಟೆ ವಿಶ್ವವಿದ್ಯಾಲಯದ ಕೆ. ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ, ನರರೋಗತಜ್ಞೆ ಡಾ. ಲೇಖಾ ಪಂಡಿತ್ ಅವರು ಮಯಲಿನ್ ಬೇನೆಗಳ ನೋಂದಣಿ ಪುಸ್ತಕವನ್ನೇ ಆರಂಭಿಸಿದರು. ಮಂಗಳೂರಿನ ಜನರಲ್ಲಿ ಲಕ್ಷಕ್ಕೆ ಸುಮಾರು ಎಂಟು ಮಂದಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಎರಡೂವರೆಯಷ್ಟು ಮಂದಿಗೆ ನ್ಯೂರೋಮಯಲೈಟಿಸ್ ಆಪ್ಟಿಕಾ ಎಂದು 2014ರಲ್ಲಿ ಪ್ರಕಟಿಸಿದರು. ಈ ರೋಗ ಪಾಶ್ಚಾತ್ಯರದು, ನಮಗೇಕೆ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಅಷ್ಟೇ ಅಲ್ಲ, ಅಕ್ವಾಪೋರಿನ್ ಮತ್ತು ಮೋಗ್ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಯನ್ನು ತಮ್ಮ ಪ್ರಯೋಗಶಾಲೆಯಲ್ಲಿಯೇ ಸಿದ್ಧಪಡಿಸಿದರು. ದೇಶದ ಬೇರೆ ಬೇರೆ ಆಸ್ಪತ್ರೆಗಳಿಂದ ರಕ್ತದ ಮಾದರಿಗಳು ಕಡಲತೀರದ ಆ ಊರಿಗೆ ಹೋದವು.

ಪರೀಕ್ಷೆಯ ರೀತಿ ಸ್ವಾರಸ್ಯವಾಗಿದೆ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಮನುಷ್ಯಕೋಶಗಳಿಗೆ ಮೋಗ್ ಎಂಬ ಪ್ರೋಟೀನನ್ನು ಮೈಮೇಲೆ ಹೊರುವಂತೆ ಮಾಡುತ್ತಾರೆ. ರೋಗಿಯ ರಕ್ತದ ತಿಳಿಯನ್ನು ಅವುಗಳ ಮೇಲೆ ಹಾಕುತ್ತಾರೆ. ತಿಳಿಯಲ್ಲಿ ಶತ್ರು ಪ್ರತಿಕಾಯವಿದ್ದರೆ ಅದು ಕೋಶಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ಪ್ರತಿಕಾಯವನ್ನು ಹಾಕಿದರೆ, ಸೂಕ್ಷ್ಮದರ್ಶಕದ ಕೆಳಗೆ ಕೋಶದ ಅಂಚೆಲ್ಲ ಮಿಣುಕುತ್ತದೆ. ಸ್ಟಿರಾಯ್ಡು, ಅದಕ್ಕಿಂತ ಹೆಚ್ಚಾಗಿ ರಕ್ತದ್ರವ ಬದಲಿಸುವ ಚಿಕಿತ್ಸೆ, ಈ ಫಲಿತಾಂಶವನ್ನು ಮಸಕುಮಾಡಬಹುದಾದ್ದರಿಂದ ಸಾಧ್ಯವಾದರೆ ಮೊದಲೇ ರಕ್ತ ತೆಗೆದಿಡಬೇಕು. ಆದರೆ ವರದಿ ಬರಲೆಂದು ಚಿಕಿತ್ಸೆಯನ್ನು ತಡೆಯಬಾರದು. ಹಾಗೆಯೇ, ತಲೆನೋವು ಬಂದವರಿಗೆಲ್ಲ ಈ ಪರೀಕ್ಷೆ ಮಾಡಿಸುತ್ತ ಹೋದರೆ ಸುಳ್ಳು ಫಲಿತಾಂಶಗಳೇ ಹೆಚ್ಚಾದಾವು.

ನಮ್ಮ ಹುಡುಗಿಗೆ ಬಂದದ್ದು ಅಡೆಮ್ ರೂಪದ ಬೇನೆ, ಬೆನ್ನುಹುರಿಗೂ ತಾಗಿತ್ತು. ಹತ್ತು ದಿನಗಳ ಮೇಲೆ ಬಂದ ವರದಿಯಲ್ಲಿ ಮೋಗ್ ಇತ್ತು. ಅಡೆಮ್ ಬಂದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಇದು ಸಿಗುತ್ತದೆ. ಐದು ದಿನ ನರದ ಮೂಲಕ ಮಿಥೈಲ್‌ಪ್ರೆಡ್ನಿಸೊಲೋನ್ ಕೊಟ್ಟರು. ಮೂರನೆಯ ದಿನ ಕಣ್ಣು ತೆರೆದು ಚುರುಮುರಿ ಕೇಳಿದಳು. ಆಮೇಲೆ ಬಾಯಿಂದ ಕೊಡುವ ಸ್ಟಿರಾಯ್ಡನ್ನು ವಾರ ವಾರಕ್ಕೆ ಇಳಿಸುತ್ತ ಬಂದರು. ಇದನ್ನು ಅರ್ಧಕ್ಕೆ ನಿಲ್ಲಿಸಬಾರದು. ಮುಖ ಉಬ್ಬಿತೆಂದು ಎಷ್ಟೋ ತಾಯಂದಿರು ತಾವಾಗಿ ನಿಲ್ಲಿಸಿಬಿಡುವರು. ಸ್ಟಿರಾಯ್ಡಿಗೆ ಮಣಿಯದಿದ್ದರೆ ಇಮ್ಯುನೊಗ್ಲಾಬುಲಿನ್, ರಕ್ತದ್ರವ ಬದಲಿಸುವುದು ಮುಂತಾದ ದಾರಿಗಳಿವೆ.

ಹೆಸರು ಯಾವುದಾದರೇನು, ಔಷಧ ಒಂದೇ ತಾನೆ ಎಂದು ಹುಡುಗಿಯ ಸೋದರಮಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಮೊದಲ ಹೊಡೆತಕ್ಕೆ ಔಷಧ ಒಂದೇ. ಮುಂದಿನ ದಾರಿ ಒಂದಲ್ಲ. ಅಡೆಮ್ ಬಹುತೇಕ ಒಮ್ಮೆ ಬಂದು ಹೋಗುವಂಥದು. ಮಲ್ಟಿಪಲ್ ಸ್ಕ್ಲೆರೋಸಿಸ್ ಮರುಕಳಿಸುವಂಥದು. ಅದರ ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿಗೆ ಬೇನೆ ಹದಿನೆಂಟು ತುಂಬುವ ಮೊದಲೇ ಶುರುವಾಗುತ್ತದೆ, ಅವರಿಗೆ ವರುಷಗಟ್ಟಲೆ ತಡೆಯುವ ಔಷಧ ಬೇಕು. ಇಂಟರ್‌ಫೆರಾನ್ ಬೀಟಾದಂಥ, ಮಲ್ಟಿಪಲ್ ಸ್ಕ್ಲೆರೋಸಿಸಿಗೆ ಹಿತವಾದ ಔಷಧವನ್ನು ನ್ಯೂರೋಮಯಲೈಟಿಸ್ ಆಪ್ಟಿಕಾದವರಿಗೆ ಕೊಟ್ಟರೆ ಬೇನೆ ಉಲ್ಬಣಿಸುತ್ತದೆ. ಮಗುವಿನ ದೃಷ್ಟಿ ಉಳಿಯುವುದೋ ಹೋಗುವುದೋ ಎಂಬುದು ಆ ಹೆಸರಿನ ಮೇಲೆ ನಿಂತೀತು. ಮೊದಲ ಹೊಡೆತದ ಮೂರು ತಿಂಗಳ ಮೇಲೆ ಹೊಸ ಲಕ್ಷಣವೋ ಹೊಸ ಕಲೆಯೋ ಬಂದರೆ ಅಡೆಮ್ ಎಂಬ ಹೆಸರನ್ನು ಮತ್ತೆ ಪರಿಶೀಲಿಸಬೇಕು. ಮೋಗ್ ಇದ್ದ ಮಕ್ಕಳ ರಕ್ತವನ್ನು ಕೆಲವು ತಿಂಗಳ ಮೇಲೆ ಇನ್ನೊಮ್ಮೆ ನೋಡುತ್ತಾರೆ. ಪ್ರತಿಕಾಯ ಮಾಯವಾಗಿದ್ದರೆ ಬೇನೆ ಮರುಕಳಿಸುವ ಭಯ ಕಡಿಮೆ.

ಲಸಿಕೆಯಿಂದಲೇ ಹೀಗಾಯಿತಲ್ಲವೇ ಎಂಬ ಮಾತು ನಮ್ಮ ಓಣಿಯಲ್ಲಿ ಎದ್ದಿತು. ಹಿರಿಯರಲ್ಲಿ ಈ ಭಯಕ್ಕೆ ಒಂದು ಇತಿಹಾಸವಿದೆ. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕುತ್ತಿದ್ದ ಕಾಲವನ್ನು ಅನೇಕರು ಕಂಡಿದ್ದಾರೆ. ಆ ಔಷಧವನ್ನು ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ್ದರು. ಕುರಿಯ ಮಿದುಳಿನಲ್ಲಿ ವಿಷಾಣುವನ್ನು ಬೆಳೆಸಿ ಕೊಂದು ಮಾಡುತ್ತಿದ್ದುದರಿಂದ ಅದರಲ್ಲಿ ಕುರಿಯ ಮಯಲಿನ್ ಇರುತ್ತಿತ್ತು. ಅದನ್ನು ಕಂಡು ಕೆರಳಿದ ಸೈನ್ಯವು ಕೆಲವರಲ್ಲಿ ಅವರ ಸ್ವಂತ ಮಯಲಿನ್ ಮೇಲೆ ಬಿದ್ದು, ಕೈಕಾಲು ಹೋಗುತ್ತಿದ್ದವು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅಂಥ ರೋಗಿಗಳ ಬಗೆಗೆ 1984ರಲ್ಲಿ ಬರೆದಿದ್ದಾರೆ. ಥಾಯ್ಲೆಂಡಿನ ರೋಗಿಗಳ ರಕ್ತದಲ್ಲಿ ಮಯಲಿನ್ನಿನ ಪ್ರೋಟೀನಿಗೆ ಎದುರಾದ ಪ್ರತಿಕಾಯಗಳನ್ನು 1987ರಲ್ಲಿ ತೋರಿಸಿದರು. ಭಾರತದಲ್ಲಿ ಆ ಔಷಧದ ತಯಾರಿಕೆ 2004ರ ಕೊನೆಗೆ ನಿಂತಿತು. ಈಗಿನ ನಾಯಿಕಡಿತದ ಲಸಿಕೆಯನ್ನು ಕೋಶಗಳಲ್ಲಿ ಬೆಳೆಸುತ್ತಾರೆ, ಅದರಲ್ಲಿ ಮಿದುಳಿನ ಅಂಶವಿಲ್ಲ; ಚುಚ್ಚುವುದೂ ತೋಳಿಗೆ. ಹಳೆಯ ಭಯದಿಂದ ಇಂದು ಯಾರಾದರೂ ಆ ಲಸಿಕೆಯನ್ನು ಬಿಟ್ಟರೆ, ಎದುರಿಗಿರುವುದು ಮರಣವೇ. ಆ ಹುಡುಗಿಗಂತೂ ನಾಯಿಯೂ ಕಚ್ಚಿರಲಿಲ್ಲ, ಆ ವರ್ಷ ಲಸಿಕೆಯೂ ಆಗಿರಲಿಲ್ಲ.

ಇನ್ನೊಂದು ಸಣ್ಣ ವಿಷಯ. ಆಸ್ಪತ್ರೆಗೆ ಸೇರಿದ ಮರುದಿನ ಆರೋಗ್ಯ ಇಲಾಖೆಯವರು ಬಂದು ಮಗುವಿನ ಮಲದ ಮಾದರಿ ಕೇಳಿದಾಗ ತಂದೆ ರೇಗಿದರು. ಹದಿನೈದು ವರ್ಷದೊಳಗಿನ ಮಗುವಿನ ಕೈಕಾಲು ಏಕಾಏಕಿ ಸೋತು ಜೋತುಬಿದ್ದರೆ, ಕಾರಣ ಯಾವುದೇ ಇರಲಿ, ವರದಿ ಮಾಡುವುದು ನಿಯಮ. ಹದಿನಾಲ್ಕು ದಿನಗಳೊಳಗೆ, ಒಂದು ದಿನದ ಅಂತರದಲ್ಲಿ ಎರಡು ಮಾದರಿ ತೆಗೆಯುತ್ತಾರೆ. ಪೋಲಿಯೋ ಮರಳಿ ಬಂದಿಲ್ಲವೆಂದು ಖಚಿತಪಡಿಸುವ ದಾರಿ ಇದು. 2011ರ ಜನವರಿಯಲ್ಲಿ ಹಾವ್ಡಾದಲ್ಲಿ ಕಂಡದ್ದೇ ಕಾಡು ಪೋಲಿಯೋ ವಿಷಾಣುವಿನಿಂದಾದ ದೇಶದ ಕೊನೆಯ ಪ್ರಕರಣವೆಂದು ಇಂದು ಧೈರ್ಯವಾಗಿ ಹೇಳಬಲ್ಲೆವಾದರೆ, ಇಂಥ ಬೇಸರದ ಕಾಗದಪತ್ರವೇ ಅದಕ್ಕೆ ಕಾರಣ. ಗುಮಾಸ್ತನಾದ ನಾನು ಇದನ್ನು ತುಸು ಹೆಮ್ಮೆಯಿಂದಲೇ ಬರೆಯುತ್ತೇನೆ.

ಕಾಗದದ ಮಾತು ಬಂದುದರಿಂದ ಹೇಳುತ್ತೇನೆ. ಎಂ.ಆರ್.ಐ. ಚಿತ್ರದ ವರದಿಯಷ್ಟೇ ಅಲ್ಲ, ಚಿತ್ರವಿರುವ ತಟ್ಟೆಯನ್ನೂ ಇಸಿದುಕೊಳ್ಳಿರಿ. ಮುಂದಿನ ವೈದ್ಯರಿಗೆ ಹಳೆಯದರ ಜೊತೆ ಹೊಸದನ್ನು ಹೋಲಿಸಬೇಕಾಗುತ್ತದೆ. ಜ್ವರದ ದಿನ, ಮೊದಲ ತೂರಾಟದ ದಿನ, ಮೊದಲ ಸ್ಟಿರಾಯ್ಡಿನ ದಿನ, ಪ್ರತಿಕಾಯಕ್ಕೆ ರಕ್ತ ತೆಗೆದ ದಿನ, ಇವನ್ನು ಒಂದು ವಹಿಯಲ್ಲಿ ಬರೆದಿಡಿರಿ. ಊರಿಗೆ ಹೋಗುವಾಗ ಆ ವಹಿಯೂ ಜೊತೆಗಿರಲಿ. ಬೇನೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ನಿಶ್ಚಯವಾದ ಸಂಸಾರಗಳಿಗೆ 1985ರಲ್ಲಿ ಸ್ಥಾಪನೆಯಾದ ಭಾರತದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿಯಿದೆ. ಅದರ ಶಾಖೆ ಪುಣೆಯಲ್ಲೂ ಬೆಂಗಳೂರಿನಲ್ಲೂ ಉಂಟು. ಆ ಹುಡುಗಿಯ ಎರಡನೆಯ ಎಂ.ಆರ್.ಐ. ಮಾರ್ಗಶೀರ್ಷದಲ್ಲಿ ಆಯಿತು. ಕಲೆಗಳು ಹೆಚ್ಚಿನಂಶ ಅಳಿಸಿದ್ದವು, ಬೆನ್ನುಹುರಿಯಲ್ಲಿ ಒಂದು ತೆಳ್ಳಗೆ ಉಳಿದಿತ್ತು. ಬಲಗಾಲು ಓಡುವಾಗ ಕೊಂಚ ಎಳೆಯುತ್ತದೆ. ಎರಡನೆಯ ಸಲದ ರಕ್ತಪರೀಕ್ಷೆಯ ವರದಿ ಈ ಲೇಖನ ಬರೆಯುವ ಹೊತ್ತಿಗೆ ಇನ್ನೂ ಬಂದಿಲ್ಲ.